ಏರುವ ಅಲೆ, ಇಳಿಯುವ ಅಲೆ, ನನ್ನದೊಂದು ‘ಹ್ಞೂಂ’

ನಮ್ಮ ವಿಭಾಗದ ಕೈಪಿಡಿಯಲ್ಲಿ ಹದಿನೇಳನೆಯದಾಗಿ ಒಂದು ನಿಯಮವಿದೆ. ‘ಉಪಕರಣದಲ್ಲಿ ಬದಲಾವಣೆ ಮಾಡಿದವರು ಅದನ್ನು ಲೆಕ್ಕ ಹಾಕುವವರಿಗೆ ಬಾಯಲ್ಲಿ ಹೇಳತಕ್ಕದ್ದು, ಕೇಳಿದವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳತಕ್ಕದ್ದು, ಆಮೇಲೆ ಇಬ್ಬರೂ ಸಹಿ ಮಾಡತಕ್ಕದ್ದು.’ ಹೊಸದಾಗಿ ಸೇರಿದವರು ಇದನ್ನು ಓದಿ ನಗುತ್ತಾರೆ. ಈಚೆಗೆ ಸೇರಿದ ಇಬ್ಬರು ಹೆಣ್ಣುಮಕ್ಕಳು ನನಗೆ ಫೋನ್ ಮಾಡಿ, ‘ಸಾರ್, ಇದೇನು ಪ್ರೈಮರಿ ಸ್ಕೂಲಾ? ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಬೇಕಾ?’ ಎಂದು ಕೇಳಿದರು. ಹೌದು, ಒಪ್ಪಿಸಬೇಕು. ಆ ನಿಯಮ ಯಾಕೆ ಬಂತು ಎಂದು ಸರಿಯಾಗಿ ಗೊತ್ತಿರುವವರು ಈಗ ಇಬ್ಬರೇ ಉಳಿದಿದ್ದೇವೆ. ಇನ್ನೊಬ್ಬರಿಗೆ ಬರೆಯುವುದೆಂದರೆ ಆಗುವುದಿಲ್ಲ. ಆದ್ದರಿಂದ ನಾನು ಬರೆಯುತ್ತಿದ್ದೇನೆ.

ನನ್ನ ಊರು ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು. ಮಾಡಿದ ಕೆಲಸ, ಸಮುದ್ರದ ತಳದ ಕೆಳಗಿರುವ ಬಂಡೆಯ ಪದರಗಳನ್ನು ಶಬ್ದದ ಅಲೆಗಳಿಂದ ಪತ್ತೆ ಮಾಡುವುದು. ಊರಿಗೂ ಕೆಲಸಕ್ಕೂ ಯಾವ ಸಂಬಂಧವೂ ಇಲ್ಲ. ಸಂದರ್ಶನದಲ್ಲಿ ‘ಸಮುದ್ರ ನೋಡಿದ್ದೀರಾ?’ ಎಂದು ಕೇಳಿದಾಗ ‘ಕ್ಯಾಲೆಂಡರಿನಲ್ಲಿ ನೋಡಿದ್ದೇನೆ’ ಎಂದಿದ್ದೆ. ಹುಡುಗ ಹಾಸ್ಯಪ್ರಜ್ಞೆ ಉಳ್ಳವನು ಎಂದುಕೊಂಡು ಆಯ್ಕೆ ಮಾಡಿದರು. ನಾನು ಇದ್ದದ್ದನ್ನೇ ಹೇಳಿದ್ದೆ. ಆಮೇಲೆ ಯಾವ ವರ್ಷ ಯಾವ ಬಡ್ತಿ ಬಂತು ಅನ್ನುವುದನ್ನೆಲ್ಲ ಪಿಂಚಣಿ ಕಚೇರಿಯವರು ಚೆನ್ನಾಗಿ ಬರೆದಿಟ್ಟಿದ್ದಾರೆ. ಬೇಕಾದವರು ಅಲ್ಲಿ ನೋಡಬಹುದು.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ದೋಣಿಯ ಹಿಂದೆ, ನೀರಿನೊಳಗೆ, ಒತ್ತಿ ತುಂಬಿದ ಗಾಳಿಯನ್ನು ಒಮ್ಮೆಲೇ ಬಿಟ್ಟು ‘ಢಬ್’ ಎನ್ನಿಸುತ್ತಾರೆ. ಆ ಶಬ್ದ ಸಮುದ್ರದ ತಳ ಹೊಕ್ಕು, ಕೆಳಗಿನ ಬಂಡೆಗೆ ತಾಗಿ, ಮೇಲೆ ಬರುತ್ತದೆ. ತಳದಲ್ಲಿ ಹಾಸಿದ ಕೇಬಲ್ಲಿನ ಉಪಕರಣಗಳು ಅದನ್ನು ಹಿಡಿದುಕೊಳ್ಳುತ್ತವೆ. ಅಲ್ಲಿಗೆ ಮುಗಿದಿದ್ದರೆ ನಮ್ಮಂಥವರು ಬೇಕಾಗಿರಲಿಲ್ಲ. ಏರಿದ ಅಲೆ ಕೇಬಲ್ಲನ್ನು ದಾಟಿ ನೀರಿನ ಮೇಲ್ಮೈವರೆಗೆ ಹೋಗಿ, ಅಲ್ಲಿಂದ ತಿರುಗಿ, ಇಳಿಯುತ್ತಾ ಬಂದು ಅದೇ ಕೇಬಲ್ಲಿಗೆ ಎರಡನೇ ಸಲ ಸಿಗುತ್ತದೆ. ಇರುವುದು ಒಂದು ಬಂಡೆ, ಕಾಗದದ ಮೇಲೆ ಕಾಣುವುದು ಎರಡು. ಏರುವ ಅಲೆಯನ್ನು ಇಳಿಯುವ ಅಲೆಯಿಂದ ಬೇರೆ ಮಾಡಿ ನಿಜವಾದ ಬಂಡೆಯನ್ನು ಮಾತ್ರ ಉಳಿಸುವುದು ನಮ್ಮ ಕೆಲಸ.

ಇದಕ್ಕೆ ಕೇಬಲ್ಲಿನ ಪ್ರತಿ ಜಾಗದಲ್ಲೂ ಎರಡು ಉಪಕರಣ ಇರುತ್ತವೆ. ಜಿಯೋಫೋನ್ ಎಂಬುದು ನೆಲ ಮೇಲಕ್ಕೆ ಅಲುಗಿತೋ ಕೆಳಕ್ಕೆ ಅಲುಗಿತೋ ಹೇಳುತ್ತದೆ. ಹೈಡ್ರೋಫೋನ್ ಎಂಬುದು ಬಂದ ಅಲೆ ನೀರನ್ನು ಒತ್ತಿತೋ ಸಡಿಲಿಸಿತೋ ಹೇಳುತ್ತದೆ. ಗುಂಡ್ಲುಪೇಟೆಯಲ್ಲಿದ್ದ ನನ್ನ ಅಕ್ಕ ಒಮ್ಮೆ ಕೇಳಿದಾಗ ಬಾಗಿಲಿನ ಉದಾಹರಣೆ ಕೊಟ್ಟೆ. ಬಾಗಿಲು ಹೊರಗಡೆಗೆ ತೆರೆದುಕೊಂಡಿತು ಅನ್ನು. ಒಳಗಿನವರು ತಳ್ಳಿದರೋ ಹೊರಗಿನವರು ಎಳೆದರೋ? ಬಾಗಿಲನ್ನು ಮಾತ್ರ ನೋಡಿದರೆ ಗೊತ್ತಾಗುವುದಿಲ್ಲ. ತಳ್ಳಿದ್ದೋ ಎಳೆದದ್ದೋ ಎಂಬುದನ್ನು ಇನ್ನೊಬ್ಬ ಹೇಳಬೇಕು. ಇಬ್ಬರ ಮಾತನ್ನೂ ಕೂಡಿಸಿದರೆ ಯಾವ ಕಡೆಯವರು ಎಂದು ತಿಳಿಯುತ್ತದೆ.

ಅಕ್ಕ ರಾಗಿ ಕೇರುತ್ತಾ, ‘ಯಾರಪ್ಪಾ ತಗುದ್ದು ಅಂತ ಒಂದು ಮಾತು ಕೇಳುದ್ರೆ ಆಯ್ತು. ಅದುಕ್ಯಾಕ್ಲಾ ಮಿಷನ್ನು?’ ಅಂದಳು. ಆಗ ನಾನು ನಕ್ಕಿದ್ದೆ.

ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಏರುವ ಅಲೆ ಬಂದಾಗ ಎರಡು ಉಪಕರಣಗಳೂ ಒಂದೇ ಕಡೆಗೆ ಗೆರೆ ಎಳೆಯುತ್ತವೆ. ಇಳಿಯುವ ಅಲೆ ಬಂದಾಗ ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ. ಎರಡನ್ನೂ ಕೂಡಿದರೆ ಇಳಿಯುವುದು ಅಳಿಸಿಹೋಗಿ ಏರುವುದು ಉಳಿಯುತ್ತದೆ. ಕಳೆದರೆ ಏರುವುದು ಅಳಿಸಿಹೋಗಿ ಇಳಿಯುವುದು ಉಳಿಯುತ್ತದೆ. ಜಿಯೋಫೋನಿನ ಎರಡು ವೈರುಗಳನ್ನು ಅದಲು ಬದಲು ಮಾಡಿದರೆ ಕೂಡಿದ್ದೇ ಕಳೆದಂತಾಗುತ್ತದೆ. ಇಷ್ಟು ತಿಳಿದುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ನಮ್ಮ ಉಪಕರಣ ವಿಭಾಗ ಮೈಸೂರಿನ ಹೊರಗೆ ಒಂದು ಶೆಡ್ಡಿನಲ್ಲಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳು. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ, ಎಲ್ಲವೂ ಮೈಸೂರೇ. ದೋಣಿಯಲ್ಲಿ ಬರೆದುಕೊಂಡ ಟೇಪುಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ದೊಡ್ಡ ಕಂಪ್ಯೂಟರ್ ಇರುವ ಊರಿಗೆ ರೈಲಿನಲ್ಲಿ ಕಳಿಸುತ್ತಿದ್ದೆವು. ಜೊತೆಗೆ ಯಾವುದಕ್ಕೆ ಯಾವುದನ್ನು ಕೂಡಬೇಕು, ಎಲ್ಲಿ ಪ್ಲಸ್, ಎಲ್ಲಿ ಮೈನಸ್ ಎಂಬ ಪಟ್ಟಿ. ಮೂರು ವಾರದ ಮೇಲೆ ಉದ್ದನೆಯ ಕಾಗದದ ಸುರುಳಿ ಬರುತ್ತಿತ್ತು. ಈಗ ಅದೇ ಕೆಲಸ ಮೇಜಿನ ಮೇಲೆ ಅರ್ಧ ನಿಮಿಷದಲ್ಲಿ ಆಗುತ್ತದೆ. ಒಂದು ತಪ್ಪು ಮಾಡಲು ನಮಗೆ ಮೂರು ವಾರ ಬೇಕಾಗುತ್ತಿತ್ತು, ನಿಮಗೆ ಅಷ್ಟು ಬೇಡ.

ವಿಭಾಗದ ಮುಖ್ಯಸ್ಥರು ಮೂರ್ತಿಗಳು. ಮೈಸೂರಿನವರು, ಬೇಸಿಗೆಯಲ್ಲೂ ತೋಳಿಲ್ಲದ ಸ್ವೆಟರ್. ಸುರುಳಿ ಬಂದರೆ ಶೆಡ್ಡಿನ ಉದ್ದಕ್ಕೂ ನೆಲದ ಮೇಲೆ ಬಿಡಿಸಿ, ಚಪ್ಪಲಿ ಬಿಟ್ಟು, ಕಾಲುಚೀಲದಲ್ಲಿ ಅದರ ಪಕ್ಕವೇ ನಡೆದುಕೊಂಡು ಹೋಗುತ್ತಿದ್ದರು. ಅವರದೊಂದೇ ಪ್ರಶ್ನೆ: ‘ಇದು ಗೊತ್ತಿರೋದಾ, ಅಂದ್ಕೊಂಡಿರೋದಾ?’ ಊಟಕ್ಕೆ ಹುಳಿ ಮಾಡಿದ್ದಾರಂತೆ ಎಂದರೂ ಅದೇ ಪ್ರಶ್ನೆ. ನಾವು ಅವರ ಬೆನ್ನ ಹಿಂದೆ ಅದನ್ನೇ ಹೇಳಿಕೊಂಡು ನಗುತ್ತಿದ್ದೆವು.

ಇನ್ನೊಬ್ಬರು ಎಂದೆನಲ್ಲ, ಅವನು ಸಿದ್ದರಾಜು. ಸಂತೆಮರಹಳ್ಳಿಯವನು, ನನಗಿಂತ ಐದಾರು ವರ್ಷ ದೊಡ್ಡವನು. ಐಟಿಐ ಮಾಡಿ, ಊರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು, ಅದನ್ನು ಮುಚ್ಚಿ ನಮ್ಮಲ್ಲಿ ಬೆಸುಗೆ ಕೆಲಸಕ್ಕೆ ಸೇರಿದ್ದ. ವರ್ಷವರ್ಷಕ್ಕೆ ನವೀಕರಿಸುವ ಕಂಟ್ರಾಕ್ಟು. ಆಫೀಸಿನಲ್ಲಿ ನಾನು ಅವನಿಗೆ ‘ಸಾ’, ಅವನು ನನಗೆ ‘ಸಿದ್ದರಾಜು’. ಇಬ್ಬರೂ ಒಟ್ಟಿಗೆ ಊರಿನ ಬಸ್ಸು ಹತ್ತಿದರೆ, ನಂಜನಗೂಡು ದಾಟುವಷ್ಟರಲ್ಲಿ ಅವನು ನನಗೆ ‘ಅಣ್ಣ’ ಆಗಿಬಿಡುತ್ತಿದ್ದ. ಅವನು ಮಾತ್ರ ಬಂಡೀಪುರದವರೆಗೆ ಹೋದರೂ ‘ಸಾ’ ಬಿಡುತ್ತಿರಲಿಲ್ಲ. ಅವನ ಕೈಯಲ್ಲಿ ಹಾದು ಹೋದ ಒಂದು ಬೆಸುಗೆಯೂ ಉಪ್ಪುನೀರಿನಲ್ಲಿ ಬಿಟ್ಟುಕೊಂಡದ್ದು ನನಗೆ ನೆನಪಿಲ್ಲ.

ಆ ವರ್ಷ ಜಿಯೋಫೋನುಗಳ ಹೊಸ ಸರಕು ಬಂತು. ಶೆಡ್ಡಿನಲ್ಲಿ ಮೂರು ನಾಲ್ಕನ್ನು ತೆಗೆದು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ. ಸೂಜಿ ಬಲಕ್ಕೆ ಓಡಬೇಕಾದದ್ದು ಎಡಕ್ಕೆ ಓಡಿತು. ತಯಾರಿಸಿದವರ ಪದ್ಧತಿ ನಮ್ಮದಕ್ಕೆ ತಿರುಗುಮುರುಗು ಇತ್ತು, ಅಷ್ಟೆ. ನನ್ನ ನೋಟ್‌ಬುಕ್ಕಿನಲ್ಲಿ ‘ಈ ಸರಕು ಉಲ್ಟಾ. ಪಟ್ಟಿಯಲ್ಲಿ ಮೈನಸ್ ಹಾಕುವುದು’ ಎಂದು ಬರೆದೆ. ಮೂರ್ತಿಗಳು ನೋಡಿ ಸಹಿ ಹಾಕಿದರು. ಸಿದ್ದರಾಜುವಿಗೆ ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಪ್ಲಸ್ಸು ಮೈನಸ್ಸು ಓದಿದವರ ವಿಷಯ, ಬೆಸುಗೆಯವನಿಗೆ ಯಾಕೆ ಎಂಬ ಧಿಮಾಕು ಇತ್ತು.

ಆಮೇಲೆ ಪಶ್ಚಿಮ ಕರಾವಳಿಯಲ್ಲಿ ಒಂದು ತಿಂಗಳ ದೋಣಿ ಕೆಲಸ. ಮೊದಲ ನಾಲ್ಕು ದಿನ ನಾನು ಮನುಷ್ಯನಾಗಿರಲಿಲ್ಲ. ಹಗ್ಗದ ಸುರುಳಿಯ ಮೇಲೆ ಮಲಗಿ, ಬಕೆಟ್ಟಿಗೆ ಮುಖ ಕೊಟ್ಟುಕೊಂಡಿದ್ದೆ. ಬೇಗೂರಿನಲ್ಲಿ ನೆಲ ಅಲುಗುವುದಿಲ್ಲ. ಎರಡನೆಯ ದಿನ ಸಿದ್ದರಾಜು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

‘ಸಾ, ಈ ಜಿಯೋಫೋನ್ಗಳೆಲ್ಲಾ ಉಲ್ಟಾ ಅವೆ. ಒಂದೊಂದ್ನೂ ತಟ್ಟಿ ನೋಡ್ದೆ. ಎಲ್ಲಾದ್ರ ವೈರೂ ಬಿಚ್ಚಿ ಅದ್ಲು ಬದ್ಲು ಮಾಡಿ ಬೆಸ್ಗೆ ಆಕ್ಬುಡ್ಲಾ?’

‘ಹ್ಞೂಂ’ ಅಂದೆ.

ಸಂಜೆ ಮತ್ತೆ ಬಂದು ‘ಮಾಡ್ಬುಟ್ಟೆ ಸಾ, ಎಲ್ಲಾನೂ’ ಅಂದ. ಅದಕ್ಕೂ ‘ಹ್ಞೂಂ’ ಅಂದೆ. ಆ ದಿನ ದೋಣಿಗೆ ಬೆಂಕಿ ಇಡಲಾ ಎಂದು ಕೇಳಿದ್ದರೂ ಹ್ಞೂಂ ಅನ್ನುತ್ತಿದ್ದೆ. ಐದನೆಯ ದಿನ ಎದ್ದು ಗಂಜಿ ಕುಡಿದಾಗ ಆ ಮಾತು ನನ್ನ ತಲೆಯಲ್ಲಿ ಉಳಿದಿರಲಿಲ್ಲ.

ಮೈಸೂರಿಗೆ ವಾಪಸು ಬಂದು ನೋಟ್‌ಬುಕ್ ತೆಗೆದೆ, ಪಟ್ಟಿಯಲ್ಲಿ ಶಿಸ್ತಾಗಿ ಮೈನಸ್ ಹಾಕಿದೆ, ಟೇಪು ಕಳಿಸಿದೆ. ಅವನು ವೈರಿನಲ್ಲಿ ಸರಿಪಡಿಸಿದ್ದನ್ನು ನಾನು ಲೆಕ್ಕದಲ್ಲಿ ಇನ್ನೊಮ್ಮೆ ಸರಿಪಡಿಸಿದೆ. ಎರಡು ಸಲ ಸರಿಪಡಿಸಿದ ಮೇಲೆ ಅದು ಮೊದಲಿನಷ್ಟೇ ಉಲ್ಟಾ ಆಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: ಸುರುಳಿ ನೋಡಿದರೆ ಗೊತ್ತಾಗುವುದಿಲ್ಲವೇ? ಗೊತ್ತಾಗಬೇಕು. ಗಾಳಿಯ ಢಬ್ ಮೇಲಿನಿಂದ ನೇರವಾಗಿ ಕೇಬಲ್ಲಿಗೆ ಬರುತ್ತದಲ್ಲ, ಆ ಮೊದಲ ಅಲೆ ಇಳಿಯುವ ಅಲೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಲೆಕ್ಕ ಸರಿಯಿದ್ದರೆ ಅದು ಅಳಿಸಿಹೋಗಬೇಕು. ನನ್ನ ಲೆಕ್ಕದಲ್ಲಿ ಅದು ಎಮ್ಮೆಯ ಹಾಗೆ ಎದುರಿಗೇ ನಿಂತಿರಬೇಕಿತ್ತು. ಆದರೆ ಮೊದಲ ಅಲೆ ತುಂಬ ಜೋರಾಗಿ ಇರುತ್ತದೆ, ಹಿಂದೆ ಬರುವ ಸಣ್ಣ ಅಲೆಗಳನ್ನು ಕಾಣಗೊಡುವುದಿಲ್ಲ ಎಂದು ಅದನ್ನು ಕತ್ತರಿಸಿ ಎಸೆದೇ ಮುಂದಿನ ಕೆಲಸ ಶುರು ಮಾಡುವುದು ನಮ್ಮಲ್ಲಿ ರೂಢಿ. ನಾನೂ ಕತ್ತರಿಸಿ ಎಸೆದಿದ್ದೆ. ದಯವಿಟ್ಟು ನೀವು ಎಸೆಯುವ ಮುಂಚೆ ಒಂದು ಸಲ ನೋಡಿ.

ಸುರುಳಿ ಬಂದಾಗ ಬಹಳ ಚೆನ್ನಾಗಿತ್ತು. ಅದೇ ತೊಂದರೆ. ಇಳಿಯುವ ಅಲೆಯಲ್ಲೂ ಅದೇ ಬಂಡೆಗಳ ಚಿತ್ರವೇ ಇರುತ್ತದೆ, ಸ್ವಲ್ಪ ತಡವಾಗಿ, ಹಾಗಾಗಿ ಸ್ವಲ್ಪ ಕೆಳಗೆ. ಪರಿಶೀಲನಾ ಸಮಿತಿಯ ಮುಂದೆ ನೆಲದ ಮೇಲೆ ಬಿಡಿಸಿದೆವು. ಎಲ್ಲರೂ ತಲೆದೂಗಿದರು. ಮೂಲೆಯಲ್ಲಿ ಒಬ್ಬ ಹಿರಿಯ ಭೂವಿಜ್ಞಾನಿ ಕೂತಿದ್ದರು. ಅವರ ಬಳಿ ಅದೇ ಜಾಗದಲ್ಲಿ ಹಿಂದೆ ಎಣ್ಣೆ ಹುಡುಕಲು ಕೊರೆದ ಬಾವಿಯ ಕಾಗದ, ಯಾವ ಆಳದಲ್ಲಿ ಯಾವ ಬಂಡೆ ಸಿಕ್ಕಿತೆಂಬುದು, ಇತ್ತು. ಸುಣ್ಣಕಲ್ಲಿನ ಪದರದ ಮೇಲೆ ಸ್ಕೇಲ್ ಇಟ್ಟು ಅಳೆದರು.

‘ಬಾವಿಯಲ್ಲಿ ಸಿಕ್ಕಿದ್ದಕ್ಕಿಂತ ನಿಮ್ಮ ಸುಣ್ಣಕಲ್ಲು ಕೆಳಗಿದೆ. ಎಷ್ಟು ಅಂದ್ರೆ, ನೀರಿನೊಳಗೆ ಶಬ್ದ ಮೇಲೆ ಹೋಗಿ ಕೆಳಗೆ ಬರೋಕೆ ಎಷ್ಟು ಹೊತ್ತು ಬೇಕೋ ಸರಿಯಾಗಿ ಅಷ್ಟು. ನೀವು ತೋರಿಸ್ತಿರೋದು ಇಳಿಯೋ ಅಲೆ’ ಅಂದರು.

ಹಾಗಾದರೆ ವೈರು ಅದಲು ಬದಲಾಗಿರಬೇಕು, ಉಪಕರಣ ಮುಟ್ಟಿದವರು ಯಾರು ಎಂಬ ಪ್ರಶ್ನೆ ಬಂತು. ಸಿದ್ದರಾಜುವನ್ನು ಕರೆಸಿದರು. ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲ ಹತ್ತಿರ ನಿಂತ.

‘ವೈರ್ ಬದಲಾಯಿಸಿದ್ದು ನೀನಾ?’

‘ನಾನೇ ಸಾ. ಉಲ್ಟಾ ಇದ್ದೊ. ಸರಿ ಮಾಡ್ದೆ.’

‘ಯಾರನ್ನ ಕೇಳಿ ಮಾಡಿದೆ?’

ಸಿದ್ದರಾಜು ನನ್ನ ಕಡೆ ನೋಡಿದ. ದೋಣಿ, ಬಕೆಟ್ಟು, ಕುಕ್ಕರಗಾಲಲ್ಲಿ ಕೂತ ಅವನು, ಎರಡು ಹ್ಞೂಂ, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಮೈನಸ್ ಹಾಕಿದ್ದೂ ನೆನಪಾಯಿತು. ಆಗ ಬಾಯಿ ಬಿಟ್ಟಿದ್ದರೆ ಅರ್ಧ ನಿಮಿಷದ ಕೆಲಸ. ನಾನು ಸುರುಳಿಯ ಮೇಲಿನ ಸುಣ್ಣಕಲ್ಲನ್ನು ನೋಡಿದೆ. ನನ್ನ ಕೆಲಸ ಕಾಯಂ ಆಗಿ ಇನ್ನೂ ಒಂದು ವರ್ಷವಾಗಿತ್ತು, ಸಮಿತಿಯಲ್ಲಿ ದೊಡ್ಡವರಿದ್ದರು ಎಂದೆಲ್ಲ ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಹೇಡಿತನ, ಬೇರೆ ಹೆಸರಿಲ್ಲ.

‘ನಾನಾಗೇ ಮಾಡ್ದೆ ಸಾ’ ಅಂದ ಸಿದ್ದರಾಜು.

ಹೇಳದೆ ಕೇಳದೆ ಉಪಕರಣ ತಿದ್ದಿದ್ದರಿಂದ ಒಂದು ತಿಂಗಳ ಕೆಲಸ ಹಾಳಾಗಿದೆ, ಈತನ ಕಂಟ್ರಾಕ್ಟ್ ಮುಂದುವರಿಸುವುದು ಬೇಡ ಎಂದು ಬರೆಯಲು ಹೊರಟರು. ಮೂರ್ತಿಗಳು ಸ್ವೆಟರ್ ಎಳೆದುಕೊಂಡು, ‘ವೈರ್ ತಪ್ಪಾಗಿದೆ ಅನ್ನೋದು ಗೊತ್ತಿರೋದಾ, ಅಂದ್ಕೊಂಡಿರೋದಾ?’ ಎಂದು ಕೇಳಿದರು. ಬರೆಯಲು ಹೊರಟವರು ಪೆನ್ನು ಕೆಳಗಿಟ್ಟರು. ಹಾಗಾದರೆ ಒಂದು ಉಪಕರಣವನ್ನು ನೀರಿಗಿಳಿಸಿ ಪರೀಕ್ಷೆ ಮಾಡಿ, ಆಮೇಲೆ ಬರೆಯೋಣ ಎಂದರು. ಮಳೆಗಾಲ ಶುರುವಾಗಿ ಕರಾವಳಿಯಲ್ಲಿ ದೋಣಿಗಳನ್ನು ದಡಕ್ಕೆ ಎಳೆದಾಗಿತ್ತು. ಸಿದ್ದರಾಜು ಬಾಗಿಲಿಂದಲೇ, ‘ನಮ್ ಕಡೆ ಕರಿಕಲ್ಲು ಕ್ವಾರಿ ಅವೆ ಸಾ. ಬುಟ್ಬುಟ್ಟಿರೋ ಕ್ವಾರೀಲಿ ಎಂಟಾಳುದ್ದ ನೀರು ನಿಂತದೆ. ತಳದಲ್ಲಿ ಒಂದೇ ಬಂಡೆ’ ಅಂದ. ತನ್ನ ಮೇಲಿನ ವಿಚಾರಣೆಗೆ ತಾನೇ ಜಾಗ ತೋರಿಸಿದ.

ಹೀಗೆ ಸಮುದ್ರದ ಉಪಕರಣವೊಂದನ್ನು ಪರೀಕ್ಷಿಸಲು ನಾವಿಬ್ಬರು ಸಮುದ್ರಕ್ಕೆ ಬೆನ್ನು ಹಾಕಿ ಹೊರಟೆವು. ಅನುಮತಿಗಾಗಿ ಚಾಮರಾಜನಗರದ ತಾಲ್ಲೂಕು ಕಚೇರಿಗೆ ಹೋದರೆ ಅಲ್ಲಿನ ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿ, ‘ಸಮುದ್ರದ್ದು ಅಂತ ಬರೆದಿದ್ದೀರಲ್ಲ, ಇಲ್ಲೆಲ್ಲಿದೆ ಸ್ವಾಮಿ?’ ಎಂದರು. ವಿವರಿಸಿದೆ. ಕೊನೆಗೆ ‘ಸದರಿ ನೀರಿನಲ್ಲಿ ಮೀನು ಹಿಡಿಯತಕ್ಕದ್ದಲ್ಲ’ ಎಂಬ ಷರತ್ತಿನ ಮೇಲೆ ಅನುಮತಿ ಪತ್ರ ಕೊಟ್ಟರು. ನಾವು ಕೊನೆಯವರೆಗೂ ಆ ಷರತ್ತು ಪಾಲಿಸಿದೆವು.

ಕ್ವಾರಿ ಇದ್ದದ್ದು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ. ವಾಸ ಅಕ್ಕನ ಮನೆಯಲ್ಲಿ. ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಸಿದ್ದರಾಜು ಒಂದು ಸಲವೂ ಸಮಿತಿಯ ಮಾತು ಎತ್ತಲಿಲ್ಲ. ಅಕ್ಕ ಕೇಳಿದ್ದಕ್ಕೆ ಮಾತ್ರ, ಮನೆಯಲ್ಲಿ ಎರಡು ಹೆಣ್ಣುಮಕ್ಕಳಿವೆ, ದೊಡ್ಡದು ಈ ವರ್ಷ ಹೈಸ್ಕೂಲು ಎಂದ. ರೇಡಿಯೋ ಅಂಗಡಿ ಮತ್ತೆ ತೆರೆಯಬಹುದಲ್ಲ ಎಂದು ಅವಳು ಕೇಳಿದಳು. ‘ರೇಡಿಯಾ ಈಗ ಯಾರ್ ತತ್ತಾರಕ್ಕಾ, ಎಲ್ಲಾರ್ ಮನೇಲೂ ಟಿವಿ’ ಅಂದ. ನಾನು ತಲೆ ಬಗ್ಗಿಸಿ ಮುದ್ದೆ ಮುರಿದೆ. ವೈರೂ ಅಲ್ಲದ ಮೈನಸ್ಸೂ ಅಲ್ಲದ ಮೂರನೇ ಕಾರಣ ಏನಾದರೂ ಸಿಕ್ಕಿ ಇಬ್ಬರೂ ಪಾರಾಗಲಿ ಎಂದು ಒಳಗೊಳಗೇ ಹಾರೈಸುತ್ತಿದ್ದೆ.

ಮೊದಲ ದಿನ ಜಿಯೋಫೋನ್, ಹೈಡ್ರೋಫೋನ್ ಎರಡನ್ನೂ ಕ್ವಾರಿಯ ತಳಕ್ಕೆ ಇಳಿಬಿಟ್ಟು, ದಡದಲ್ಲಿ ರೆಕಾರ್ಡರ್ ಇಟ್ಟುಕೊಂಡು ಕೂತೆವು. ಆ ನೀರಿಗೆ ಒಬ್ಬ ಯಜಮಾನಿ ಇದ್ದಳು, ಚಿಕ್ಕತಾಯಮ್ಮ. ಕ್ವಾರಿ ನಡೆಯುತ್ತಿದ್ದಾಗ ಕಲ್ಲು ಒಡೆಯುತ್ತಿದ್ದವಳು, ನಿಂತ ಮೇಲೆ ಅಲ್ಲೇ ಗಂಡನ ಜೊತೆ ಕಾವಲಿಗಿದ್ದವಳು. ದಿನವೂ ಅಲ್ಲೇ ಬಟ್ಟೆ ಒಗೆಯುತ್ತಿದ್ದಳು. ಅವಳು ಕಲ್ಲಿಗೆ ಬಟ್ಟೆ ಬಡಿದದ್ದು ಒಂದೊಂದೂ ಕಾಗದದ ಮೇಲೆ ಸೊಗಸಾಗಿ ಬರುತ್ತಿತ್ತು. ಬೇರೆ ಸದ್ದು ಯಾಕೆ, ಇದನ್ನೇ ಅಳೆಯೋಣ ಎಂದು ಅಳೆದೆ. ಮೇಲೆ ದಡದಲ್ಲಿ ಬಡಿದ ಸದ್ದು ಕೆಳಗಿನಿಂದ ಏರಿ ಬರುತ್ತಿದೆ ಎಂದು ಉಪಕರಣ ಹೇಳಿತು.

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. 

ವೈರೇ ಉಲ್ಟಾ, ನನ್ನ ಲೆಕ್ಕ ಸರಿ ಎಂದಾಯಿತಲ್ಲ! ಆ ಸಂತೋಷವನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಗುಂಡ್ಲುಪೇಟೆಗೆ ಹೋಗಿ ಎಸ್‌ಟಿಡಿ ಬೂತಿನಿಂದ ಮೂರ್ತಿಗಳಿಗೆ ಫೋನ್ ಮಾಡಿದೆ. ಲೈನ್ ಸರಿಯಿರಲಿಲ್ಲ. ‘ದಡದಲ್ಲಿ ಬಟ್ಟೆ ಬಡಿದ್ರೆ ಅಲೆ ಕೆಳಗಿಂದ ಬರ್ತಾ ಇದೆ ಸಾರ್! ಮೇಲಿಂದ ಅಲ್ಲ, ಕೆಳಗಿಂದ!’ ಎಂದು ಕೂಗಿದೆ. ಹೊರಗೆ ಸರದಿಯಲ್ಲಿದ್ದ ಇಬ್ಬರು ಕೇರಳದ ಲಾರಿಯವರು ತಮ್ಮ ಕಾಲ ಕೆಳಗೆ ನೋಡಿಕೊಂಡರು. ಮೂರ್ತಿಗಳು, ‘ಕಲ್ಲಿಗೆ ಬಡಿದದ್ದಾ, ನೀರಿಗೆ ಬಡಿದದ್ದಾ?’ ಎಂದು ಕೇಳಿ ಫೋನ್ ಇಟ್ಟರು.

ಮರುದಿನ ಆ ಪ್ರಶ್ನೆಯನ್ನು ಚಿಕ್ಕತಾಯಮ್ಮನ ಮುಂದೆ ಇಟ್ಟೆ. ಅವಳು ಸೀರೆ ಹಿಂಡುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

‘ಕಲ್ಗೆ ಒಡುದ್ರೆ ಕಲ್ಲೇ ಮೊದ್ಲು ಯೋಳ್ತದೆ ಕಣಪ್ಪ, ನೀರು ನಿದಾನ. ಆ ಕಡೆ ಕ್ವಾರೀಲಿ ಮದ್ದು ಆರ್ಸುದ್ರೆ ಕೂತಿರೋ ಕಲ್ಲು ಅದುರ್ತದೆ, ಆಮೇಕೆ ನೀರಲ್ಲಿರೋ ಕಾಲ್ಗೆ ತಿಳೀತದೆ. ದಡ, ತಳ ಎಲ್ಲಾ ಒಂದೇ ಬಂಡೆ ಅಲ್ವಾ? ತಳ್ದಿಂದ್ಲೇ ಬತ್ತದೆ. ಮೇಲಿಂದ ಬರ್ಬೇಕು ಅಂದ್ರೆ ನೀರ್ಗೆ ಒಡೀರಿ.’

ಶಬ್ದ ಕರಿಕಲ್ಲಿನಲ್ಲಿ ನೀರಿಗಿಂತ ಮೂರು ನಾಲ್ಕು ಪಟ್ಟು ಬೇಗ ಹೋಗುತ್ತದೆ ಎಂಬುದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡ ವಿಷಯ. ಸದ್ದು ಬಂಡೆಯೊಳಗೆ ಇಳಿದು ತಳದಿಂದ ಎದ್ದು ಬಂದಿತ್ತು. ಉಪಕರಣ ಇದ್ದದ್ದನ್ನು ಇದ್ದಂತೆ ಹೇಳಿತ್ತು.

ಮೂರನೇ ದಿನ ಗುಂಡ್ಲುಪೇಟೆಯ ಲಾರಿ ಗ್ಯಾರೇಜಿನಿಂದ ಒಂದು ದಪ್ಪ ಕಬ್ಬಿಣದ ತಗಡು ತಂದೆವು. ಖಾಲಿ ಡ್ರಮ್ಮುಗಳನ್ನು ಕಟ್ಟಿ ತೆಪ್ಪ ಮಾಡಿ, ತಗಡನ್ನು ಅದರಿಂದ ನೀರಿಗೆ ಇಳಿಬಿಟ್ಟು, ಸಿದ್ದರಾಜು ಸುತ್ತಿಗೆ ಹಿಡಿದು ಉಪಕರಣದ ನೆತ್ತಿಯ ಮೇಲೆ ಹೋಗಿ ಕೂತ. ಈಗ ಹೊಡೆದರೆ ಅಲೆ ಮೇಲಿನಿಂದ ಇಳಿಯಲೇಬೇಕು. ವೈರು ಸರಿಯಿದ್ದರೆ ಎರಡನ್ನೂ ಕೂಡಿದಾಗ ಅದು ಅಳಿಸಿಹೋಗಬೇಕು. ತಪ್ಪಿದ್ದರೆ ನಿಲ್ಲಬೇಕು.

ಅವನು ಹೊಡೆದ. ಕಾಗದ ಹೊರಗೆ ಬಂತು. ಮೊದಲ ಗೆರೆಯಲ್ಲಿ ಅಲೆ ಬಲಕ್ಕೆ, ಎರಡನೆಯದರಲ್ಲಿ ಎಡಕ್ಕೆ, ಕೂಡಿದ ಗೆರೆಯಲ್ಲಿ ಆ ಜಾಗ ಸಪಾಟು. ಹತ್ತು ಸಲ ಹೊಡೆಸಿದೆ. ಹತ್ತು ಸಲವೂ ಸಪಾಟು.

‘ಏನಾಯ್ತು ಸಾ?’ ಎಂದು ತೆಪ್ಪದಿಂದ ಕೂಗಿದ.

‘ಸರಿಯಾಗೇ ಅದೆ ಕಣಣ್ಣ. ನೀನು ಮಾಡಿದ್ದು ಸರಿಯಾಗೇ ಅದೆ.’

ಅವನು ತಗಡಿನ ಕಡೆ ಒಮ್ಮೆ ನೋಡಿದ. ಸುತ್ತಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಇನ್ನು ಮೂರನೇ ಕಾರಣ ಉಳಿದಿರಲಿಲ್ಲ. ನಡುವೆ ನೀರು ಇದ್ದದ್ದರಿಂದ ನಾನು ಕೂಗಿಯೇ ಹೇಳಬೇಕಾಯಿತು.

‘ತಪ್ಪು ನಂದು. ಲೆಕ್ಕದಲ್ಲಿ ನಾನೂ ಒಂದ್ಸಲ ತಿರುಗಿಸ್ಬುಟ್ಟಿದ್ದೆ. ನೀನು ದೋಣೀಲಿ ನನಗೆ ಹೇಳಿದ್ದೆ. ನಾನು ಹ್ಞೂಂ ಅಂದಿದ್ದೆ. ಸಮಿತೀಲೇ ನೆನಪಾಯ್ತು, ಬಾಯಿ ಬಿಡ್ಲಿಲ್ಲ.’

‘ಗೊತ್ತು ಸಾ.’

‘ಗೊತ್ತಿದ್ರೆ ಅವತ್ತು ಯಾಕೆ ಹೇಳ್ಲಿಲ್ಲ?’

‘ನೀವೂ ಅಲ್ಲೇ ಇದ್ರಲ್ಲ’ ಅಂದ. ‘ನಿಮ್ ಮಕ ನೋಡ್ದೆ. ಯೋಳ್ತೀರೇನೋ ಅಂದ್ಕಂಡೆ. ನಾನೇ ಯೋಳುದ್ರೆ ಬೆಸ್ಗೆಯವ್ನ ಮಾತು ಯಾರ್ ನಂಬಾರು ಸಾ? ನೀವು ಇಲ್ಲ ಅಂದ್ಬುಟ್ರೆ? ಅದ ಕೇಳಕ್ಕೆ ನಂಗೆ ಇಷ್ಟ ಇರ್ನಿಲ್ಲ.’

ದಡದಲ್ಲಿ ಚಿಕ್ಕತಾಯಮ್ಮ ಒಗೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ‘ಈಗ ಯೋಳುದ್ನಲ್ಲ ಬುಡಪ್ಪ, ದಡಕ್ಕೆ ಬಾ’ ಅಂದಳು. ಅವರಿಬ್ಬರ ಎದುರು ನಾನು ಅಳಬಾರದಿತ್ತು, ಅತ್ತುಬಿಟ್ಟೆ. ಸಿದ್ದರಾಜು ಕೈಯಲ್ಲೇ ನೀರು ತಳ್ಳಿಕೊಂಡು ದಡಕ್ಕೆ ಬಂದು, ರೆಕಾರ್ಡರ್ ಮೇಲೆ ಹನಿ ಬೀಳದಂತೆ ಟವೆಲ್ ಮುಚ್ಚಿದ.

ವರದಿಯನ್ನು ಅಕ್ಕನ ಮನೆಯ ಜಗುಲಿಯಲ್ಲಿ ಬರೆದೆ. ಮೈಸೂರಿಗೆ ತಂದು ಕೊಟ್ಟಾಗ ಮೂರ್ತಿಗಳು ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಚಿಹ್ನೆಯಲ್ಲಿ ಗೊಂದಲ ಉಂಟಾಗಿತ್ತು’ ಎಂದು ಬರೆದಿದ್ದೆ.

‘ಉಂಟಾಗಿತ್ತು ಅಂದ್ರೆ? ಅದಾಗಿ ಅದೇ ಉಂಟಾಯ್ತಾ?’

ಇಷ್ಟೆಲ್ಲ ಆದ ಮೇಲೂ ನುಣುಚಿಕೊಳ್ಳಲು ಕೈ ತಾನಾಗಿ ಒಂದು ದಾರಿ ಹುಡುಕಿಕೊಂಡಿತ್ತು. ಆ ಪುಟ ಹರಿದು ಮತ್ತೆ ಬರೆದೆ: ಸಿದ್ದರಾಜು ತಿದ್ದುವ ಮುಂಚೆ ನನ್ನನ್ನು ಕೇಳಿದ್ದ, ತಿದ್ದಿದ ಮೇಲೆ ತಿಳಿಸಿದ್ದ, ಎರಡು ಸಲವೂ ನಾನು ಒಪ್ಪಿದ್ದೆ, ಪಟ್ಟಿಯಲ್ಲಿ ಮೈನಸ್ ಹಾಕಿದವನು ನಾನು, ಸಮಿತಿಯಲ್ಲಿ ಸುಮ್ಮನಿದ್ದವನೂ ನಾನು. ನನಗೊಂದು ಮೆಮೊ ಬಂತು. ಅದನ್ನು ಈಗಲೂ ಇಟ್ಟುಕೊಂಡಿದ್ದೇನೆ. ಮೈನಸ್ ತೆಗೆದು ಟೇಪುಗಳನ್ನು ಮತ್ತೆ ಕಳಿಸಿದೆವು, ಸುಣ್ಣಕಲ್ಲು ಮೇಲೆ ಬಂದು ತನ್ನ ಜಾಗದಲ್ಲಿ ಕೂತಿತು. ಮುಂದೆ ಅಲ್ಲಿ ಹೊಸ ಬಾವಿ ಕೊರೆದರು. ಎಣ್ಣೆ ಸಿಗಲಿಲ್ಲ. ಆದರೆ ಸುಣ್ಣಕಲ್ಲು ನಾವು ಹೇಳಿದ ಆಳದಲ್ಲೇ ಸಿಕ್ಕಿತು.

ಸಿದ್ದರಾಜುವಿನ ಕಂಟ್ರಾಕ್ಟ್ ನವೀಕರಿಸಿದ ಪತ್ರವನ್ನು ಮೂರ್ತಿಗಳು ತಾವೇ ಕೊಟ್ಟರು. ಅವನು ತಕ್ಷಣ ಸಹಿ ಹಾಕಲಿಲ್ಲ. ನನ್ನ ಎದುರಿಗೇ, ‘ಒಂದ್ ಮಾತು ಸಾ. ಇನ್ಮೇಕೆ ಇವ್ರು ಹ್ಞೂಂ ಅಂದ್ರೆ ನಾನು ಒಪ್ಕಳಲ್ಲ. ನಾನು ಯೋಳಿದ್ದ ಇವ್ರು ತಿರ್ಗ ಯೋಳ್ಬೇಕು’ ಅಂದ. ಮೂರ್ತಿಗಳು ಯೋಚಿಸಿ, ಕೈಪಿಡಿ ತರಿಸಿ, ಹದಿನಾರನೆಯ ನಿಯಮದ ಕೆಳಗೆ ತಮ್ಮ ಕೈಯಲ್ಲೇ ಬರೆದರು. ಅವರು ತೀರಿಕೊಂಡು ಬಹಳ ವರ್ಷವಾಯಿತು. ನಿಯಮ ಅಚ್ಚಾಗಿ ನಿಮ್ಮ ಮೇಜಿನ ಮೇಲಿದೆ.

ಆಮೇಲೆ ಸಿದ್ದರಾಜುವಿನ ಜೊತೆ ಹದಿನೆಂಟು ವರ್ಷ ಕೆಲಸ ಮಾಡಿದೆ. ದೋಣಿ ಎಷ್ಟೇ ಅಲುಗಲಿ, ನಾನು ಬಕೆಟ್ಟಿನೊಳಗೇ ಇರಲಿ, ತಿರುಗಿ ಹೇಳುವವರೆಗೆ ಅವನು ಪಕ್ಕದಿಂದ ಏಳುತ್ತಿರಲಿಲ್ಲ. ಒಮ್ಮೆ ವಾಂತಿಯ ನಡುವೆ ಮೂರು ಕಂತಿನಲ್ಲಿ ಹೇಳಿದ್ದೇನೆ. ಅವನು ನನ್ನ ಮೇಲೆ ಕೋಪ ಇಟ್ಟುಕೊಂಡಿದ್ದ ಎಂದು ಯಾರೂ ತಿಳಿಯಬಾರದು. ನನ್ನ ಮಗನ ಮದುವೆಯಲ್ಲಿ ಬಡಿಸಲು ನಿಂತವನು ಅವನು. ಹ್ಞೂಂ ಒಂದನ್ನು ಮಾತ್ರ ನನ್ನಿಂದ ತೆಗೆದುಕೊಳ್ಳುತ್ತಿರಲಿಲ್ಲ.

ಅವನು ಈಗ ಸಂತೆಮರಹಳ್ಳಿಯಲ್ಲಿದ್ದಾನೆ. ಹೋದ ವಾರ ಬೆಳಿಗ್ಗೆ ಫೋನ್ ಮಾಡಿದ. ನಾನು ಪೇಪರ್ ಓದುತ್ತಿದ್ದೆ.

‘ಸಾ, ಬರೋ ಗುರುವಾರ ದೊಡ್ಡವಳ ಮಗಳ ಮಗೀಗೆ ನಾಮಕರಣ ಮಡಿಕಂಡಿವಿ. ಅತ್ತೂವರೆ ಒಳ್ಗೆ ಬಂದ್ಬುಡಿ. ಬಸ್ ಇಳ್ದು ಅಕ್ಕಿ ಮಿಲ್ ಪಕ್ಕದ ರೋಡು, ಮೂರ್ನೇ ಮನೆ.’

‘ಹ್ಞೂಂ’ ಅಂದೆ.

ಆ ಕಡೆಯಿಂದ ಮಾತಿಲ್ಲ. ಲೈನ್ ಕಟ್ಟಾಯಿತೇನೋ ಎಂದುಕೊಂಡೆ. ಇಲ್ಲ, ಅವನು ಉಸಿರಾಡುವುದು ಕೇಳಿಸುತ್ತಿತ್ತು. ಪೇಪರ್ ಮಡಚಿ ಪಕ್ಕಕ್ಕಿಟ್ಟೆ.

‘ಗುರುವಾರ. ದೊಡ್ಡವಳ ಮಗಳ ಮಗುಗೆ ನಾಮಕರಣ. ಹತ್ತೂವರೆ ಒಳಗೆ. ಅಕ್ಕಿ ಮಿಲ್ ಪಕ್ಕದ ರಸ್ತೆ, ಮೂರನೇ ಮನೆ.’

‘ಊಟ?’

‘ಊಟ ನೀನು ಹೇಳ್ಲಿಲ್ಲ.’

‘ಊಟ ಮಾಡ್ಕಂಡೇ ಓಗ್ಬೇಕು.’

‘ಊಟ ಮಾಡ್ಕಂಡೇ ಹೋಗ್ತೀನಿ.’

‘ಆಯ್ತು ಸಾ’ ಅಂದು ಫೋನ್ ಇಟ್ಟ.